ಉದ್ಯಾನ, ಸಾರ್ವಜನಿಕ ಕಟ್ಟಡ ಮತ್ತು ಸಿಬ್ಬಂದಿ: ಗ್ರಾಮ ಪಂಚಾಯತಿ ಒಟ್ಟಾಗಿ ತೀರ್ಮಾನಿಸಬೇಕಾದ ಮೂರು ವಿಷಯಗಳು



ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಗ್ರಾಮ ಪಂಚಾಯತಿ ಸಭೆಗಳಲ್ಲಿ ಮೂರು ಬೇಡಿಕೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಊರಿಗೊಂದು ಉದ್ಯಾನ ಬೇಕು ಎಂಬುದು ಒಂದು. ಸಮುದಾಯ ಭವನ, ಗ್ರಂಥಾಲಯ ಅಥವಾ ಅಂಗನವಾಡಿಗೆ ಕಟ್ಟಡ ಬೇಕು ಎಂಬುದು ಎರಡನೆಯದು. ಪಂಚಾಯತಿ ಕೆಲಸಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಬೇಕು ಎಂಬುದು ಮೂರನೆಯದು. ಈ ಮೂರೂ ನ್ಯಾಯವಾದ ಬೇಡಿಕೆಗಳೇ. ಆದರೆ ನಾವು ಅವುಗಳನ್ನು ಮೂರು ಬೇರೆ ಬೇರೆ ತಿಂಗಳ ಸಭೆಗಳಲ್ಲಿ, ಮೂರು ಬೇರೆ ಬೇರೆ ಠರಾವುಗಳ ಮೂಲಕ, ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ತೀರ್ಮಾನಿಸುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ನಾನು ಈ ಹಿಂದೆ ಸೇವೆ ಸಲ್ಲಿಸಿದ ಒಂದು ಗ್ರಾಮ ಪಂಚಾಯತಿಯಲ್ಲಿ ಸಮುದಾಯ ಭವನವೊಂದು ಸಿದ್ಧವಾಗಿತ್ತು. ಅದರ ಮುಂದಿನ ಜಾಗದಲ್ಲಿ ಸಣ್ಣದೊಂದು ಉದ್ಯಾನವನ್ನೂ ಮಾಡಲಾಗಿತ್ತು. ಎರಡೂ ಕಾಮಗಾರಿಗಳ ಅಳತೆ ಪುಸ್ತಕ, ಬಿಲ್ಲು, ಛಾಯಾಚಿತ್ರ ಎಲ್ಲವೂ ಕ್ರಮಬದ್ಧವಾಗಿದ್ದವು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಸಸಿಗಳು ಒಣಗಿ ಕಡ್ಡಿಯಾದವು, ಭವನದ ಒಳಗೆ ಯಾರೋ ಕಣಿಕೆ ಒಟ್ಟಿದ್ದರು, ಶೌಚಾಲಯದ ಬಾಗಿಲು ತುಕ್ಕು ಹಿಡಿದು ತೆರೆಯಲಾರದಂತಾಗಿತ್ತು. ಮುಂದಿನ ಸಭೆಯಲ್ಲಿ ಇನ್ನೊಂದು ಕಟ್ಟಡದ ಪ್ರಸ್ತಾವನೆ ಬಂದಾಗ ಹಿರಿಯ ಮಹಿಳಾ ಸದಸ್ಯರೊಬ್ಬರು ಎದ್ದು ನಿಂತು, “ಸಾಹೇಬ್ರ, ಮೊದ್ಲಿನ್ ಭವನದ ಕೀಲಿಕೈ ಯಾರ ಕಡೆ ಐತ್ರಿ?” ಎಂದು ಕೇಳಿದರು. ಸಭೆಯಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ಅಭಿವೃದ್ಧಿ ಅಧಿಕಾರಿಯಾಗಿದ್ದ ನನ್ನ ಬಳಿಯೂ ಇರಲಿಲ್ಲ.

ಸಿವಿಲ್ ಎಂಜಿನಿಯರಿಂಗ್ ಓದಿದ ನನಗೆ ಅಂದಾಜು ಪತ್ರಿಕೆ ಪರಿಶೀಲಿಸುವುದು ಗೊತ್ತಿತ್ತು. ಆದರೆ ಆ ಅಂದಾಜು ಪತ್ರಿಕೆಯಲ್ಲಿ ಇಲ್ಲದಿದ್ದ ಒಂದು ಸಾಲನ್ನು ಆ ತಾಯಿ ಗುರುತಿಸಿದ್ದರು. ಕಟ್ಟಿದ್ದನ್ನು ಪ್ರತಿದಿನ ತೆರೆಯುವವರು, ಗುಡಿಸುವವರು, ನೀರು ಹಾಕುವವರು ಯಾರು, ಅವರ ಕೂಲಿ ಯಾವ ಲೆಕ್ಕದಿಂದ ಎಂಬುದೇ ಆ ಸಾಲು. ಅದನ್ನು ಬರೆಯುವ ಬಗೆಯನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

1. ಕಾನೂನು ಏನು ಹೇಳುತ್ತದೆ?

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದರ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಗ್ರಂಥಾಲಯಗಳು ಅದರಲ್ಲಿ 20ನೆಯದು. ಸಮುದಾಯ ಆಸ್ತಿಗಳ ನಿರ್ವಹಣೆ ಕೊನೆಯದಾದ 29ನೆಯದು. ಅನುಸೂಚಿಯ ಈ ಕೊನೆಯ ವಿಷಯವೇ ನಮ್ಮ ಸಭೆಗಳಲ್ಲಿಯೂ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ.

ನಮ್ಮ ರಾಜ್ಯದ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕರಣ 58 ಗ್ರಾಮ ಪಂಚಾಯತಿಯ ಪ್ರಕಾರ್ಯಗಳನ್ನು ತಿಳಿಸುತ್ತದೆ. ಅದರ (1-ಎ) ಉಪಪ್ರಕರಣದಲ್ಲಿ, ನಿಧಿ ಇರುವ ಮಟ್ಟಿಗೆ ಪಂಚಾಯತಿ ಕಡ್ಡಾಯವಾಗಿ ನಿರ್ವಹಿಸಬೇಕಾದ ಕರ್ತವ್ಯಗಳ ಪಟ್ಟಿ ಇದೆ. ಕುಡಿಯುವ ನೀರಿನ ಕಾಮಗಾರಿಗಳ ನಿರ್ವಹಣೆ, ಚರಂಡಿ ಮತ್ತು ನೈರ್ಮಲ್ಯ, ಬೀದಿ ದೀಪ, ತೆರಿಗೆಗಳ ಪರಿಷ್ಕರಣೆ ಮತ್ತು ವಸೂಲಿ ಇವೆಲ್ಲ ಅದರಲ್ಲಿ ಸೇರಿವೆ. ಸಾರ್ವಜನಿಕ ಸ್ಥಳಗಳ ಒತ್ತುವರಿ ತೆರವು ಹಾಗೂ ಪಂಚಾಯತಿಗೆ ನಿಹಿತವಾದ ಸಮುದಾಯ ಆಸ್ತಿಗಳ ನಿರ್ವಹಣೆಯೂ ಅದೇ ಪಟ್ಟಿಯಲ್ಲಿವೆ.

ಇದರ ಅರ್ಥವನ್ನು ಸದಸ್ಯರು ಗಮನವಿಟ್ಟು ನೋಡಬೇಕು. ಹೊಸ ಉದ್ಯಾನ ಅಥವಾ ಭವನ ಕಟ್ಟಬೇಕೋ ಬೇಡವೋ ಎಂಬುದು ನಮ್ಮ ಆಯ್ಕೆ. ಆದರೆ ಕಟ್ಟಿದ ಮೇಲೆ ಅದು ಪಂಚಾಯತಿಯ ಆಸ್ತಿಯಾಗುತ್ತದೆ, ಆಗ ಅದನ್ನು ಕಾಪಾಡುವುದು ನಮ್ಮ ಕಡ್ಡಾಯ ಕರ್ತವ್ಯವಾಗುತ್ತದೆ. ಕಟ್ಟಡಕ್ಕೆ ಕೈ ಎತ್ತಿದ ಸದಸ್ಯರು ತಮಗೆ ತಿಳಿಯದೆಯೇ ಅದರ ನಿರ್ವಹಣೆಗೂ, ನಿರ್ವಹಿಸುವ ಸಿಬ್ಬಂದಿಗೂ ಕೈ ಎತ್ತಿದ್ದಾರೆ. ಅದನ್ನು ತಿಳಿದೇ ಎತ್ತುವುದು ಒಳ್ಳೆಯದು.

2. ಯಾವ ಹಣದಿಂದ ಯಾವ ಖರ್ಚು?

ಪಂಚಾಯತಿಯ ಎಲ್ಲ ಹಣವೂ ಒಂದೇ ಚೀಲದಲ್ಲಿಲ್ಲ. 15ನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇ. 60ರಷ್ಟು ನಿರ್ಬಂಧಿತ ಅನುದಾನವಾಗಿದ್ದು, ಅರ್ಧ ಕುಡಿಯುವ ನೀರಿಗೆ ಮತ್ತು ಮಳೆನೀರು ಸಂಗ್ರಹಕ್ಕೆ, ಅರ್ಧ ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ. 40 ಅನಿರ್ಬಂಧಿತ. ಅದನ್ನು 29 ವಿಷಯಗಳ ವ್ಯಾಪ್ತಿಯಲ್ಲಿ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದು. ಆದರೆ ಆ ಹಣದಿಂದಲೂ ವೇತನ ಮತ್ತು ಸಿಬ್ಬಂದಿ ವೆಚ್ಚ ಭರಿಸುವಂತಿಲ್ಲ. ಆಯೋಗದ ಅವಧಿ ಬದಲಾದಾಗ ಹಂಚಿಕೆಯ ಪ್ರಮಾಣ ಬದಲಾಗಬಹುದು; ಆದ್ದರಿಂದ ಪ್ರತಿ ವರ್ಷ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಸಭೆಯಲ್ಲಿ ಓದಿಸಿಕೊಳ್ಳಬೇಕು.

ಉದ್ಯೋಗ ಖಾತರಿಯಡಿ ಕೈಗೊಂಡ ಕಾಮಗಾರಿಗಳಲ್ಲಿ ಕೂಲಿ ಮತ್ತು ಸಾಮಗ್ರಿಯ ಪ್ರಮಾಣ 60:40 ಇರಬೇಕೆಂಬ ನಿಯಮದಡಿ ನಾವು ಕೆಲಸ ಮಾಡಿದ್ದೇವೆ. ಸಸಿ ನೆಡುವ ಗುಂಡಿ, ಆಟದ ಮೈದಾನದ ಸಮತಟ್ಟು ಮುಂತಾದ ಕೂಲಿ ಪ್ರಧಾನ ಕೆಲಸಗಳು ಅದರಲ್ಲಿ ಹೊಂದಿಕೊಂಡವು. ಶಾಶ್ವತ ಕಾವಲುಗಾರನಿಗಾಗಲೀ ಗುಡಿಸುವವರಿಗಾಗಲೀ ಅಲ್ಲಿ ಅವಕಾಶವಿರಲಿಲ್ಲ.

ಕೊನೆಗೆ ಉಳಿಯುವುದು ಸ್ವಂತ ಸಂಪನ್ಮೂಲ. ಪ್ರಕರಣ 199ರ ಅಡಿಯಲ್ಲಿ ವಿಧಿಸುವ ಕಟ್ಟಡ ಮತ್ತು ಭೂಮಿಯ ಮೇಲಿನ ತೆರಿಗೆ, ನೀರಿನ ದರ, ಮಳಿಗೆಗಳ ಬಾಡಿಗೆ, ಸಂತೆ ಕರ ಇವೇ ಅದು. ಕಟ್ಟಡವನ್ನು ಅನುದಾನ ಕಟ್ಟಿಸುತ್ತದೆ. ಅದರ ಬಾಗಿಲನ್ನು ತೆರಿಗೆ ತೆರೆಸುತ್ತದೆ. ಅನುದಾನ ಬಂದಿದೆ ಎಂಬ ಒಂದೇ ಕಾರಣಕ್ಕೆ ಕಟ್ಟಡ ಕಟ್ಟಿದ ಪಂಚಾಯತಿಗಳು ಸೋಲುವುದು ಇಲ್ಲಿಯೇ.

3. ಒಂದು ಭವನದ ಹತ್ತು ವರ್ಷದ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಸದಸ್ಯರು ಇವುಗಳ ಜಾಗದಲ್ಲಿ ತಮ್ಮ ಊರಿನ ನಿಜವಾದ ಅಂಕಿಗಳನ್ನು ಇಟ್ಟು ನೋಡಬೇಕು.

ಸಮುದಾಯ ಭವನದ ನಿರ್ಮಾಣ ವೆಚ್ಚ ₹25,00,000 ಎಂದಿರಲಿ. ತೆರೆದು ಮುಚ್ಚಿ, ಗುಡಿಸಿ, ಶೌಚಾಲಯ ತೊಳೆದು, ಮುಂದಿನ ಗಿಡಗಳಿಗೆ ನೀರು ಹಾಕುವ ಒಬ್ಬರಿಗೆ ತಿಂಗಳಿಗೆ ₹15,000 ಎಂದು ಹಿಡಿದರೆ ವರ್ಷಕ್ಕೆ ₹1,80,000. ವಿದ್ಯುತ್ ಮತ್ತು ನೀರಿಗೆ ತಿಂಗಳಿಗೆ ₹2,000ರಂತೆ ₹24,000. ಸುಣ್ಣಬಣ್ಣ, ಸೋರಿಕೆ, ಕೊಳಾಯಿ, ವೈರಿಂಗ್ ದುರಸ್ತಿಗೆ ನಿರ್ಮಾಣ ವೆಚ್ಚದ ಶೇ. 2ರಂತೆ ₹50,000. ಒಟ್ಟು ವರ್ಷಕ್ಕೆ ₹2,54,000. ಹತ್ತು ವರ್ಷಕ್ಕೆ ₹25,40,000. ಅಂದರೆ ಹತ್ತು ವರ್ಷಗಳಲ್ಲಿ ನಾವು ಅದೇ ಕಟ್ಟಡದ ಬೆಲೆಯನ್ನು ಇನ್ನೊಮ್ಮೆ ಕೊಡುತ್ತೇವೆ. ವೇತನ ಮತ್ತು ಬೆಲೆಗಳ ಏರಿಕೆ ಇದರಲ್ಲಿ ಸೇರಿಲ್ಲ.

ಇನ್ನು ಆದಾಯ. ವರ್ಷಕ್ಕೆ 30 ಮದುವೆ, ಸೀಮಂತ, ಸಭೆಗಳಿಗೆ ತಲಾ ₹3,000ರಂತೆ ಬಾಡಿಗೆ ಬಂದರೆ ₹90,000. ಕೊರತೆ ₹1,64,000. ಊರಿನಲ್ಲಿ 1,000 ಮನೆಗಳಿದ್ದರೆ ಮನೆಗೆ ವರ್ಷಕ್ಕೆ ₹164.

ಈ ಮೊತ್ತ ದೊಡ್ಡದಲ್ಲ. ಒಂದು ಪಂಚಾಯತಿಯ ವಾರ್ಷಿಕ ತೆರಿಗೆ ಬೇಡಿಕೆ ₹10 ಲಕ್ಷವಿದ್ದು ಶೇ. 60ರಷ್ಟು ಮಾತ್ರ ವಸೂಲಾಗಿದ್ದರೆ, ಬಾಕಿ ಉಳಿದ ₹4 ಲಕ್ಷದಲ್ಲಿ ಇಂಥ ಎರಡು ಭವನಗಳ ಕೊರತೆಯನ್ನು ತುಂಬಿ ಇನ್ನೂ ಹಣ ಮಿಗುತ್ತದೆ. ಆದ್ದರಿಂದ ಭವನದ ವಿಷಯ ಚರ್ಚೆಗೆ ಬಂದ ದಿನವೇ ಬೇಡಿಕೆ, ವಸೂಲಿ ಮತ್ತು ಬಾಕಿಯ ತಖ್ತೆಯನ್ನೂ ಮೇಜಿನ ಮೇಲೆ ಇಡಿಸಬೇಕು. ತೆರಿಗೆ ಕೇಳುವುದಕ್ಕೆ ಸಂಕೋಚಪಡುವ ಸದಸ್ಯರಿಗೆ ಈ ಲೆಕ್ಕವೇ ನೆರವಾಗುತ್ತದೆ. ಸುಮ್ಮನೆ “ತೆರಿಗೆ ಕಟ್ಟಿರಿ” ಎನ್ನುವುದಕ್ಕೂ, “ನಿಮ್ಮ ಮನೆಯ ₹164ರಿಂದ ಭವನ ವರ್ಷವಿಡೀ ತೆರೆದಿರುತ್ತದೆ” ಎನ್ನುವುದಕ್ಕೂ ವ್ಯತ್ಯಾಸವಿದೆ.

4. ಉದ್ಯಾನ: ಹುಲ್ಲುಹಾಸೋ, ನೆರಳೋ?

ನಮ್ಮ ನಾಲ್ಕು ತಾಲೂಕುಗಳ ಪೇಟೆಗಳಲ್ಲಿ ಕಾಣುವ ಹಸಿರು ಹುಲ್ಲುಹಾಸು ಹಳ್ಳಿಯಲ್ಲಿಯೂ ಇರಬೇಕೆಂಬ ಆಸೆ ಸಹಜ. ಆದರೆ ನಮ್ಮದು ಮಳೆ ಕಡಿಮೆ ಬೀಳುವ, ಬಿಸಿಲು ಹೆಚ್ಚಿರುವ ಸೀಮೆ. ಕೃಷ್ಣಾ ಮತ್ತು ಘಟಪ್ರಭೆಯ ನೀರಾವರಿ ಕಬ್ಬಿನ ಹಸಿರನ್ನು ಕೊಟ್ಟಿದೆಯೇ ಹೊರತು ಮಳೆಯನ್ನು ಹೆಚ್ಚಿಸಿಲ್ಲ.

ಹತ್ತು ಗುಂಟೆಯ ಹುಲ್ಲುಹಾಸನ್ನು ತೆಗೆದುಕೊಳ್ಳಿ. ಗುಂಟೆಗೆ 1,089 ಚದರ ಅಡಿಯಂತೆ ಅದು ಸುಮಾರು 1,010 ಚದರ ಮೀಟರ್ ಆಗುತ್ತದೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 4 ಲೀಟರ್ ಹಾಕಿದರೂ 4,000 ಲೀಟರಿಗೂ ಹೆಚ್ಚು ನೀರು ಬೇಕು. ಜಲ ಜೀವನ ಮಿಷನ್ನಿನ ಪ್ರಮಾಣ ತಲಾ ದಿನಕ್ಕೆ 55 ಲೀಟರ್. ಅಂದರೆ ಆ ಹುಲ್ಲುಹಾಸು ಸುಮಾರು 73 ಜನರ ನೀರನ್ನು ಕುಡಿಯುತ್ತದೆ. ಅದೇ ಜಾಗದಲ್ಲಿ 40 ಮರಗಳನ್ನು ಬೆಳೆಸಿ, ವಾರಕ್ಕೆ ಎರಡು ಸಲ ತಲಾ 20 ಲೀಟರ್ ಹಾಕಿದರೆ ವಾರಕ್ಕೆ 1,600 ಲೀಟರ್, ದಿನಕ್ಕೆ ಸುಮಾರು 230 ಲೀಟರ್. ಅದು ನಾಲ್ವರ ಪಾಲಿನ ನೀರು. ಮೊದಲ ಎರಡು ಮೂರು ವರ್ಷ ಹೀಗೆ ಜೋಪಾನ ಮಾಡಿದರೆ ಬೇವು, ಹೊಂಗೆ, ಬನ್ನಿ, ಹುಣಸೆ, ಅರಳಿ ಮರಗಳು ಆಮೇಲೆ ತಮ್ಮ ಬೇರಿನಿಂದಲೇ ಬದುಕಿಕೊಳ್ಳುತ್ತವೆ.

ಹಳ್ಳಿಯ ಉದ್ಯಾನಕ್ಕೆ ಬರುವವರು ಯಾರೆಂಬುದನ್ನೂ ಯೋಚಿಸಬೇಕು. ಬೆಳಿಗ್ಗೆ ಹಿರಿಯರು ಬರುತ್ತಾರೆ, ಸಂಜೆ ಮಕ್ಕಳು ಬರುತ್ತಾರೆ. ಕುಳಿತುಕೊಳ್ಳಲು ಕಟ್ಟೆ, ನಡೆಯಲು ದಾರಿ, ಆಡಲು ಬಯಲು, ಕುಡಿಯಲು ನೀರು, ಸಂಜೆಗೊಂದು ದೀಪ ಇದ್ದರೆ ಸಾಕು. ಹೆಣ್ಣುಮಕ್ಕಳು ಬಂದು ಕೂರಬೇಕಾದರೆ ದೀಪವೂ ಸ್ವಚ್ಛ ಶೌಚಾಲಯವೂ ಕಾರಂಜಿಗಿಂತ ಮುಖ್ಯ. ಮರಕ್ಕೆ ನೀರು ಹಾಕುವವರನ್ನು ಗೊತ್ತು ಮಾಡದೆ ಸಸಿ ನೆಡುವ ಕಾಮಗಾರಿಗೆ ಅನುಮೋದನೆ ಕೊಡುವುದೆಂದರೆ ಗುಂಡಿ ತೋಡಿದ ಕೂಲಿಗೆ ಮಾತ್ರ ಅನುಮೋದನೆ ಕೊಟ್ಟಂತೆ.

5. ಜಾಗ ಉಳಿಸಿಕೊಳ್ಳುವುದು

ಉದ್ಯಾನ ಮಾಡಲು ಇಂದು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಜಾಗ ಹೋದರೆ ಮತ್ತೆ ಬರುವುದಿಲ್ಲ. ನಮ್ಮ ಭಾಗದಲ್ಲಿ ಎರಡು ಬಗೆಯ ಜಾಗಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಮೊದಲನೆಯದು, ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿಗಾಗಿ ನಿರ್ಮಿಸಿದ ಪುನರ್ವಸತಿ ಕೇಂದ್ರಗಳು. ಅವುಗಳ ನಕ್ಷೆಗಳಲ್ಲಿ ರಸ್ತೆ, ಶಾಲೆ, ಗುಡಿಗಳಂತೆಯೇ ಸಾರ್ವಜನಿಕ ಬಳಕೆಯ ಖಾಲಿ ಜಾಗಗಳನ್ನೂ ಗುರುತಿಸಲಾಗುತ್ತದೆ. ಊರು ಕಳೆದುಕೊಂಡು ಬಂದವರಿಗೆ ಹೊಸ ಊರಿನ ಕಟ್ಟೆ, ಬಯಲು, ನೆರಳು ಬರಿಯ ಅಲಂಕಾರವಲ್ಲ, ಅವು ಹಳೆಯ ಊರಿನ ಪರಿಹಾರದ ಒಂದು ಭಾಗ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸುವ ಯೋಜನೆಯಲ್ಲಿ ಇನ್ನಷ್ಟು ಹಳ್ಳಿಗಳು ಸ್ಥಳಾಂತರವಾಗಬೇಕಿರುವುದರಿಂದ ಈ ಪ್ರಶ್ನೆ ಮುಂದೆಯೂ ನಮ್ಮೆದುರು ಬರುತ್ತದೆ.

ಎರಡನೆಯದು, ಪಟ್ಟಣಗಳ ಅಂಚಿನ ಹೊಸ ಬಡಾವಣೆಗಳು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ನಗರಗಳ ಹಾಗೂ ಬೀಳಗಿ ಪಟ್ಟಣದ ಸುತ್ತ ಹೊಲಗಳು ನಿವೇಶನಗಳಾಗುತ್ತಿವೆ. ಅನುಮೋದಿತ ವಿನ್ಯಾಸ ನಕ್ಷೆಯಲ್ಲಿ ಉದ್ಯಾನ ಮತ್ತು ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗಗಳನ್ನು ಮಾಲೀಕರು ಸ್ಥಳೀಯ ಸಂಸ್ಥೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕಾಗುತ್ತದೆ. ಆ ಪತ್ರ ಪಂಚಾಯತಿಯ ಕೈಸೇರಿದೆಯೇ, ಜಾಗ ಆಸ್ತಿ ವಹಿಯಲ್ಲಿ ದಾಖಲಾಗಿದೆಯೇ, ಗಡಿಗೆ ಕಲ್ಲು ನೆಟ್ಟಿದೆಯೇ ಎಂಬುದನ್ನು ಇ-ಸ್ವತ್ತಿನಲ್ಲಿ ನಿವೇಶನಗಳ ಖಾತೆ ಕೊಡುವ ಮೊದಲೇ ನೋಡಬೇಕು. ನಾಳೆ ಆ ಪ್ರದೇಶ ನಗರಸಭೆಗೆ ಸೇರಿದರೂ ಇಂದು ನಾವು ಕಾಪಾಡಿದ ಜಾಗವೇ ಅಲ್ಲಿನ ಮಕ್ಕಳಿಗೆ ಉಳಿಯುತ್ತದೆ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಒಳಿತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಹಂಚಿಕೆ ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ಅದನ್ನು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ 1991ರಲ್ಲಿ ನ್ಯಾಯಾಲಯವು ಹಂಚಿಕೆ ಸಲ್ಲದೆಂದು ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯ ಉದ್ದೇಶವೇ ಆದರೂ ಉದ್ಯಾನದ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ ಎಂಬುದು ಅದರ ಸಾರ. ಇನ್ನೊಂದು, 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪು. ಅದರಲ್ಲಿ ಗ್ರಾಮಗಳ ಸಾಮೂಹಿಕ ಭೂಮಿಯ ಅಕ್ರಮ ಒತ್ತುವರಿಗಳನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಬಹಳ ವರ್ಷಗಳಿಂದ ಅನುಭವಿಸುತ್ತಿದ್ದೇವೆ, ಕಟ್ಟಡಕ್ಕೆ ತುಂಬ ಖರ್ಚು ಮಾಡಿದ್ದೇವೆ ಎಂಬುದು ಒತ್ತುವರಿಗೆ ಸಮರ್ಥನೆಯಾಗದು ಎಂದೂ ಅದು ಹೇಳಿದೆ. ಸದಸ್ಯರ ಮೇಲೆ ನೆಂಟರ, ನೆರೆಯವರ ಒತ್ತಡ ಬಂದಾಗ ಈ ಎರಡು ತೀರ್ಪುಗಳು ಆಸರೆಯಾಗುತ್ತವೆ.

6. ಕಟ್ಟಡ ಎಲ್ಲಿ, ಹೇಗೆ?

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಹರಿದುದನ್ನು ನಾವ್ಯಾರೂ ಮರೆತಿಲ್ಲ. ಆಗ ಶಾಲೆಗಳು, ಸಮುದಾಯ ಭವನಗಳು ಮನೆ ಬಿಟ್ಟು ಬಂದವರ ಆಶ್ರಯವಾದವು. ನದಿತೀರದ ಊರಿನಲ್ಲಿ ಸಾರ್ವಜನಿಕ ಕಟ್ಟಡ ಮದುವೆಗೆ ಎಷ್ಟು ಮುಖ್ಯವೋ ಪ್ರವಾಹದ ರಾತ್ರಿಗೂ ಅಷ್ಟೇ ಮುಖ್ಯ. ಆದ್ದರಿಂದ ಜಾಗ ಆರಿಸುವಾಗ 2019ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕರೆದು ತೋರಿಸಿಕೊಂಡು, ಆ ಮಟ್ಟಕ್ಕಿಂತ ಮೇಲೆ ಕಟ್ಟಬೇಕು. ನೀರು ಏರಿದ ರಾತ್ರಿ ಕೀಲಿಕೈ ಹುಡುಕುವಂತಾದರೆ ಅಂಥ ಭವನ ಇದ್ದೂ ಇಲ್ಲದಂತೆ.

ಎರೆಭೂಮಿಯ ವಿಷಯವೂ ಇದೆ. ನಮ್ಮ ಕರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅಡಿಪಾಯ ಆ ಉಬ್ಬು ಕುಗ್ಗಿನ ಆಳವನ್ನು ದಾಟಿ ಕೆಳಗೆ ಹೋಗದಿದ್ದರೆ ಗೋಡೆ ಬಿರಿಯುವುದು ನಿಶ್ಚಿತ. ಗಟ್ಟಿ ನೆಲ ಸಿಗುವವರೆಗೆ ಅಗೆಯುವುದು, ಎರೆಮಣ್ಣು ತೆಗೆದು ಗರಸು ತುಂಬಿ ದಿಮ್ಮಿಸುವುದು, ಗೋಡೆಯ ಬುಡಕ್ಕೆ ಮಳೆನೀರು ಇಳಿಯದಂತೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕುವುದು ಇವುಗಳಿಗೆ ಆರಂಭದಲ್ಲಿ ಖರ್ಚು ಹೆಚ್ಚು. ಈ ಖರ್ಚನ್ನು ಉಳಿಸಿ ಮುಂಭಾಗದ ಕಮಾನಿಗೆ ಹಾಕಬೇಡಿ. ಅಂದಾಜು ಪತ್ರಿಕೆ ಸಭೆಗೆ ಬಂದಾಗ “ಮಣ್ಣು ಪರೀಕ್ಷೆ ಆಗಿದೆಯೇ, ಅಡಿಪಾಯ ಎಷ್ಟು ಆಳ?” ಎಂದು ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ.

ಮೆಟ್ಟಿಲ ಜೊತೆಗೆ ಇಳಿಜಾರು ದಾರಿಯೂ ಬೇಕು. ಅದರ ಪ್ರಮಾಣ 1:12 ಇರಬೇಕು. ಅಂದರೆ ಎರಡು ಅಡಿ ಎತ್ತರದ ಕಟ್ಟೆಗೆ 24 ಅಡಿ ಉದ್ದದ ದಾರಿ. ನಾಲ್ಕೈದು ಅಡಿಯಲ್ಲಿ ಮುಗಿಸಿದ ಕಡಿದಾದ ಇಳಿಜಾರು ಗಾಲಿ ಕುರ್ಚಿಗೂ ಉಪಯೋಗವಿಲ್ಲ, ವಯಸ್ಸಾದವರಿಗೂ ಅಪಾಯ.

7. ಸಿಬ್ಬಂದಿ: ಹೆಸರಿಗಲ್ಲ, ಹುದ್ದೆಗೆ

ಅಧಿನಿಯಮದ ಪ್ರಕರಣ 112 ಸಿಬ್ಬಂದಿಯ ಮಾದರಿಯನ್ನೂ, ಪ್ರಕರಣ 113 ನೌಕರರ ನೇಮಕ ಮತ್ತು ನಿಯಂತ್ರಣವನ್ನೂ ಕುರಿತವು. ಗ್ರಾಮ ಪಂಚಾಯತಿಯು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಪೂರ್ವಾನುಮೋದನೆ ಪಡೆದು ನೌಕರರನ್ನು ನೇಮಿಸಿ, ಪಂಚಾಯತಿ ನಿಧಿಯಿಂದ ವೇತನ ಕೊಡಬಹುದು. ಇಲ್ಲಿ “ಪೂರ್ವ” ಎಂಬ ಮಾತು ಮುಖ್ಯ. ಮೊದಲು ಕೆಲಸಕ್ಕೆ ಬರಹೇಳಿ, ಆಮೇಲೆ ಅನುಮೋದನೆಗೆ ಬರೆಯುವುದು ಕ್ರಮವಲ್ಲ.

ಕ್ರಮ ತಪ್ಪಿದ ನೇಮಕದ ಕಷ್ಟ ಕೊನೆಗೆ ಬೀಳುವುದು ಬಡ ಕೆಲಸಗಾರನ ಮೇಲೆಯೇ. ನಮ್ಮ ರಾಜ್ಯದ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು 2006ರ ಏಪ್ರಿಲ್ 10ರಂದು, ನಿಯಮಬದ್ಧ ಆಯ್ಕೆಯಿಲ್ಲದೆ ಬಂದವರು ದೀರ್ಘಕಾಲ ದುಡಿದರೆಂಬ ಕಾರಣಕ್ಕೇ ಕಾಯಮಾತಿಯ ಹಕ್ಕು ಪಡೆಯುವುದಿಲ್ಲ ಎಂದು ತೀರ್ಮಾನಿಸಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಕಾಯಂ ಸ್ವರೂಪದ ಕೆಲಸವನ್ನು ವರ್ಷಗಟ್ಟಲೆ ತಾತ್ಕಾಲಿಕ ಹೆಸರಿನಲ್ಲಿ ಮಾಡಿಸಿಕೊಂಡು ಆ ತೀರ್ಪನ್ನೇ ದುಡಿದವರ ವಿರುದ್ಧ ಗುರಾಣಿಯಾಗಿಸಿಕೊಳ್ಳುವುದು ಸರಿಯಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ಸಿಗುವ ಪಾಠ ಒಂದೇ: ಹುದ್ದೆಯ ಅಗತ್ಯವನ್ನು ಮೊದಲು ಸಿದ್ಧಪಡಿಸಿ, ಅನುಮೋದನೆ ಪಡೆದು, ಊರಿಗೆಲ್ಲ ತಿಳಿಯುವಂತೆ ಪ್ರಕಟಿಸಿ, ಅರ್ಹರನ್ನು ಆರಿಸಬೇಕು. ಪರಿಚಯದ ಹುಡುಗನನ್ನು “ಸದ್ಯಕ್ಕೆ ಇರಲಿ” ಎಂದು ಸೇರಿಸಿಕೊಳ್ಳುವುದು ಅವನಿಗೆ ಮಾಡುವ ಉಪಕಾರವಲ್ಲ. ಹತ್ತು ವರ್ಷ ಕಳೆದ ಮೇಲೆ ಅವನ ಕೈಯಲ್ಲಿ ಆದೇಶವೂ ಇರುವುದಿಲ್ಲ, ಬೇರೆ ಕೆಲಸ ಹುಡುಕುವ ವಯಸ್ಸೂ ಇರುವುದಿಲ್ಲ.

ಇನ್ನೊಂದು ತಪ್ಪು, ಎಲ್ಲ ಕೆಲಸವನ್ನೂ ಇರುವವರ ತಲೆಗೆ ಕಟ್ಟುವುದು. ಬೆಳಗಿನ ಜಾವ ಎದ್ದು ನೀರು ಬಿಡುವ ವಾಟರ್‌ಮನ್ನರಿಗೇ ಉದ್ಯಾನವನ್ನೂ ವಹಿಸಿ, ಭವನದ ಕೀಲಿಕೈಯನ್ನೂ ಕೊಟ್ಟು, ಬೀದಿ ದೀಪವನ್ನೂ ನೋಡಿಕೊಳ್ಳಲು ಹೇಳಿದರೆ ನಾಲ್ಕೂ ಕೆಡುತ್ತವೆ. ಹೊಸ ಆಸ್ತಿ ಸೇರಿಸುವ ಮೊದಲು ಇರುವ ಸಿಬ್ಬಂದಿಯ ದಿನಚರಿಯನ್ನು ಗಂಟೆಗಳಲ್ಲಿ ಬರೆದು ನೋಡಬೇಕು. ದಿನಕ್ಕೆ ಎಂಟು ಗಂಟೆ ತುಂಬಿಹೋಗಿದ್ದರೆ ಹೊಸ ಕೆಲಸಕ್ಕೆ ಹೊಸ ಕೈ ಬೇಕೇ ಬೇಕು.

ಎಲ್ಲದಕ್ಕೂ ನೇಮಕವೇ ದಾರಿಯಲ್ಲ. ಕಸ ಸಂಗ್ರಹದ ಸ್ವಚ್ಛ ವಾಹಿನಿಗಳನ್ನು ಸ್ವಸಹಾಯ ಗುಂಪುಗಳ ಮಹಿಳೆಯರು ನಡೆಸುತ್ತಿರುವುದನ್ನು ನಾವು ಕಂಡಿದ್ದೇವೆ. ಉದ್ಯಾನ ಮತ್ತು ಭವನದ ನಿರ್ವಹಣೆಯನ್ನೂ ಇದೇ ರೀತಿ ಲಿಖಿತ ಒಡಂಬಡಿಕೆಯ ಮೂಲಕ, ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ, ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಕ್ಕೆ ವಹಿಸುವ ಬಗ್ಗೆ ಯೋಚಿಸಬಹುದು. ಬಾಡಿಗೆಯ ಒಂದು ಪಾಲು ಅವರಿಗೇ ಸಲ್ಲುವಂತಿದ್ದರೆ ಭವನ ಸ್ವಚ್ಛವಾಗಿರುವುದರಲ್ಲಿ ಅವರ ಹಿತವೂ ಸೇರಿರುತ್ತದೆ.

ಗ್ರಂಥಾಲಯದ ಅನುಭವವೂ ಇದನ್ನೇ ಹೇಳುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಇಂದು ಅವು ಅರಿವು ಕೇಂದ್ರಗಳಾಗಿವೆ. ಯಾವ ಅರಿವು ಕೇಂದ್ರದಲ್ಲಿ ಮಕ್ಕಳು ಸಂಜೆ ತುಂಬಿರುತ್ತಾರೋ ಅಲ್ಲಿ ಗೋಡೆಯ ಬಣ್ಣಕ್ಕಿಂತ ಹೆಚ್ಚಾಗಿ ವೇಳೆಗೆ ಸರಿಯಾಗಿ ಬಾಗಿಲು ತೆರೆಯುವ ಮೇಲ್ವಿಚಾರಕರು ಇರುತ್ತಾರೆ. ಕೂಸಿನ ಮನೆಯೂ ಅಷ್ಟೆ: ತಾಯಂದಿರು ಮಗುವನ್ನು ಬಿಟ್ಟುಹೋಗುವುದು ಕಟ್ಟಡವನ್ನು ನಂಬಿ ಅಲ್ಲ, ಒಳಗಿರುವ ಆರೈಕೆದಾರರನ್ನು ನಂಬಿ.

8. ನಮ್ಮ ನಾಡಿನ ಹಳೆಯ ಕ್ರಮ

ಈ ಮಾತು ಹೊಸತೇನಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಅದರ ಕಟ್ಟೆಯ ದುರಸ್ತಿಗೆ, ಹೂಳೆತ್ತುವುದಕ್ಕೆ ಬಿಟ್ಟ ಭೂಮಿ ಮತ್ತು ಆದಾಯದ ವಿವರವೂ ಇರುತ್ತದೆ. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಪದಗಳು ಬಂದಿರುವುದು ಅದರಿಂದಲೇ. ಕೆರೆ ಕಟ್ಟುವ ದಿನವೇ ಅದನ್ನು ಕಾಯುವವನ ಅನ್ನದ ವ್ಯವಸ್ಥೆಯೂ ಕಲ್ಲಿನ ಮೇಲೆ ದಾಖಲಾಗುತ್ತಿತ್ತು. ಇಂದಿನ ನಮ್ಮ ಅಡಿಗಲ್ಲುಗಳಲ್ಲಿ ಹೆಸರುಗಳಿವೆ, ಆ ವ್ಯವಸ್ಥೆಯ ಸಾಲು ಮಾತ್ರ ಇಲ್ಲ.

ಹತ್ತಿರದ ಉದಾಹರಣೆ ಬೇಕಾದರೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬ್ಯಾರೇಜಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ಶ್ರಮ ಕೊಟ್ಟು ಅದನ್ನು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಾಯಿತು. ತಮ್ಮ ದುಡ್ಡು, ತಮ್ಮ ಬೆವರು ಸೇರಿದ ಆಸ್ತಿಯನ್ನು ಜನ ತಮ್ಮದೆಂದು ಕಾಣುತ್ತಾರೆ. ಮನೆಗೆ ₹164 ಕೇಳುವ ಧೈರ್ಯ ನಮಗೆ ಬರಬೇಕಾದದ್ದು ಇಂಥ ನೆಲದಿಂದಲೇ.

9. ಠರಾವಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಉದ್ಯಾನ ಅಥವಾ ಕಟ್ಟಡದ ಯಾವುದೇ ಪ್ರಸ್ತಾವನೆ ಬಂದಾಗ ಕೆಳಗಿನ ಪ್ರಶ್ನೆಗಳಿಗೆ ಉತ್ತರ ನಡಾವಳಿಯಲ್ಲಿ ದಾಖಲಾದ ಮೇಲೆಯೇ ಕೈ ಎತ್ತುವಂತೆ ಸದಸ್ಯರಲ್ಲಿ ವಿನಂತಿ.

(1) ಈ ಬೇಡಿಕೆ ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಿಂದ ಬಂದಿದೆಯೇ? ಅಲ್ಲಿ ಮಹಿಳೆಯರು ಏನು ಹೇಳಿದರು?

(2) ಇದೇ ಉದ್ದೇಶಕ್ಕೆ ಬಳಸಬಹುದಾದ, ಈಗ ಬೀಗ ಬಿದ್ದಿರುವ ಹಳೆಯ ಕಟ್ಟಡ ಊರಿನಲ್ಲಿದೆಯೇ? ಅದರ ದುರಸ್ತಿಗೆ ಎಷ್ಟಾಗುತ್ತದೆ?

(3) ಜಾಗ ಪಂಚಾಯತಿಯ ಆಸ್ತಿ ವಹಿಯಲ್ಲಿದೆಯೇ? ಅಳತೆಯಾಗಿ ಗಡಿ ಗುರುತಾಗಿದೆಯೇ? 2019ರ ಪ್ರವಾಹದ ಮಟ್ಟಕ್ಕಿಂತ ಮೇಲಿದೆಯೇ?

(4) ನಿರ್ಮಾಣದ ಹಣ ಯಾವ ಲೆಕ್ಕಶೀರ್ಷಿಕೆಯಿಂದ? ಅದರ ಮಾರ್ಗಸೂಚಿಯಲ್ಲಿ ಇದಕ್ಕೆ ಅವಕಾಶವಿದೆಯೇ?

(5) ವರ್ಷಕ್ಕೆ ನಿರ್ವಹಣಾ ವೆಚ್ಚ ಎಷ್ಟು? ಅದನ್ನು ಆಯವ್ಯಯದ ಯಾವ ಸಾಲಿನಲ್ಲಿ ಇಡಲಾಗಿದೆ?

(6) ತೆರೆಯುವವರು, ಗುಡಿಸುವವರು, ನೀರು ಹಾಕುವವರು ಯಾರು? ಹುದ್ದೆಗೆ ಅನುಮೋದನೆ ಇದೆಯೇ, ಅಥವಾ ಒಡಂಬಡಿಕೆಯೇ?

(7) ಬಾಡಿಗೆ, ಬಳಕೆಯ ಸಮಯ, ಎಲ್ಲ ಓಣಿಗಳ, ಎಲ್ಲ ಸಮುದಾಯಗಳ ಜನರಿಗೂ ಸಮಾನ ಪ್ರವೇಶ ಇವುಗಳ ನಿಯಮವನ್ನು ಯಾರು, ಎಲ್ಲಿ ಬರೆದು ಹಾಕುತ್ತಾರೆ?

ಏಳರಲ್ಲಿ ಐದನೆಯ ಮತ್ತು ಆರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಪ್ರಸ್ತಾವನೆಯನ್ನು ತಿರಸ್ಕರಿಸಬೇಕಾಗಿಲ್ಲ. ಉತ್ತರ ಸಿದ್ಧವಾಗುವವರೆಗೆ ಮುಂದಿನ ಸಭೆಗೆ ಇಡಬಹುದು. ಒಂದು ತಿಂಗಳ ವಿಳಂಬದಿಂದ ಊರಿಗೆ ನಷ್ಟವಾಗದು.

ಆರಂಭದಲ್ಲಿ ಹೇಳಿದ ಆ ಪಂಚಾಯತಿಯಲ್ಲಿ ಮುಂದೆ ನಡೆದದ್ದು ಇಷ್ಟೇ. ಹೊಸ ಕಟ್ಟಡದ ಪ್ರಸ್ತಾವನೆಯನ್ನು ಸದಸ್ಯರು ಅಂದು ಮುಂದೂಡಿದರು. ಹಳೆಯ ಭವನದಿಂದ ಕಣಿಕೆ ತೆಗೆಸಿ, ಬಾಗಿಲು ದುರಸ್ತಿ ಮಾಡಿಸಿ, ಸ್ವಸಹಾಯ ಗುಂಪೊಂದಕ್ಕೆ ಅದರ ನಿರ್ವಹಣೆ ವಹಿಸಲಾಯಿತು. ಒಣಗಿದ ಸಸಿಗಳ ಜಾಗದಲ್ಲಿ ಬೇವು, ಹೊಂಗೆ ನೆಟ್ಟೆವು. ಎಲ್ಲವೂ ಬದುಕಲಿಲ್ಲ, ಬದುಕಿದವು ಈಗ ಆಳೆತ್ತರ ದಾಟಿವೆ. ಭವನದ ಗೋಡೆಯ ಮೇಲೆ ಒಂದು ಸಣ್ಣ ಫಲಕವಿದೆ. ಅದರಲ್ಲಿ ಉದ್ಘಾಟಕರ ಹೆಸರಿಲ್ಲ. ತೆರೆಯುವ ವೇಳೆ, ಬಾಡಿಗೆ ದರ ಮತ್ತು ಕೀಲಿಕೈ ಯಾರ ಮನೆಯಲ್ಲಿ ದೊರೆಯುತ್ತದೆ ಎಂಬ ವಿವರ ಮಾತ್ರ ಇದೆ. ತಮ್ಮ ಪಂಚಾಯತಿಯ ಪ್ರತಿ ಕಟ್ಟಡದ ಮೇಲೂ ಇಂಥದೊಂದು ಫಲಕ ಇದೆಯೇ ಎಂದು ಮುಂದಿನ ಸಭೆಗೆ ಬರುವ ಮುನ್ನ ಒಮ್ಮೆ ನೋಡಿಬರಬೇಕೆಂದು ಸದಸ್ಯರಲ್ಲಿ ಕೋರುತ್ತೇನೆ.